ಟೈರಿನ ಪಾಲು

ಡಿಸೆಂಬರ್ ೭, ಶನಿವಾರ. ಇನಾರಿಯ ಒಂದು ವಸತಿಗೃಹ.

ಸೌನಾದ ಬಿಸಿ ಹಬೆಯಲ್ಲಿ ಅಷ್ಟು ಹೊತ್ತು ಕೂತು ಬಂದರೂ ಒಳಗಿನ ಚಳಿ ಬಿಟ್ಟಿಲ್ಲ.

ಇವತ್ತು ಇಲ್ಲಿಗೆ ಬರುವಾಗ ಸರೋವರದ ಪಕ್ಕದ ಇಳಿಜಾರಿನಲ್ಲಿ ಹಿಮಸಾರಂಗವೊಂದು ಅಡ್ಡ ಬಂತು. ಕಾರು ಓಡಿಸುತ್ತಿದ್ದ ಗೆಳೆಯ ತೂರೆ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಸದ್ದೇ ಇಲ್ಲದೆ, ಮೆಲ್ಲಗೆ, ಅಡ್ಡಡ್ಡವಾಗಿ ಸರೋವರದ ಕಡೆಗೆ ಜಾರಿತು. ರಸ್ತೆಯಂಚಿನ ಹಿಮದ ರಾಶಿ ತಡೆಯಿತು, ಅಷ್ಟೆ.

ಅವನ ಚಳಿಗಾಲದ ಟೈರುಗಳಲ್ಲಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವ ಮೊಳೆಗಳೇ ಉಳಿದಿಲ್ಲ. ಹೊರಡುವ ಮೊದಲು, "ಪೆಟ್ರೋಲಿನ ಜೊತೆ ಹೊಸ ಟೈರಿಗೂ ಸ್ವಲ್ಪ ದುಡ್ಡು ಹಾಕ್ತೀರಾ?" ಎಂದು ಕೇಳಿದ್ದ. ನಮ್ಮ ಜೊತೆ ಹೊರಟಿದ್ದ ಗೆಳತಿ ವೆಂಡ್ಲಾ ಒಪ್ಪಿದ್ದಳು. ನಾನೇ ಕ್ರಾಂತಿಯ ಕರಪತ್ರ ಓದಿದ ಹಾಗೆ ಹೇಳಿದ್ದೆ: ಪೆಟ್ರೋಲು ಮೂವರೂ ಸುಡುತ್ತೇವೆ, ಅದು ಮೂವರದು, ಟೈರು ಒಡೆಯನ ಆಸ್ತಿ, ಅದನ್ನು ಬೆಳೆಸುವುದು ಗೆಳೆಯರ ಕೆಲಸವಲ್ಲ. ಗೋದಾಮಿನಲ್ಲಿ ಮೂಟೆ ಹೊರುವ ತೂರೆ ಒಡೆಯನಂತೆ!

ಹಿಮದ ರಾಶಿಗೆ ತಗುಲಿ ನಿಂತ ಕಾರಿನಿಂದ ಇಳಿದವನು ನಗುತ್ತಲೇ ಅಂದ: "ಏನೇ ಕ್ರಾಂತಿಕಾರಿ, ಟೈರು ನನ್ನೊಬ್ಬಂದೇ ಅಂದಿದ್ಯಲ್ಲ, ಜಾರೋವಾಗ ಮೂರೂ ಜನ ಜಾರಿದ್ವಲ್ಲೇ?"

"ಸುಮ್ನಿರೋ, ಅವಳ ಮುಖ ನೋಡು, ಸುಣ್ಣದ ಥರ ಆಗಿದೆ," ಎಂದಳು ವೆಂಡ್ಲಾ.

ನಾಳೆ ಬೆಳಿಗ್ಗೆ ಊರಿಗೆ ಹಿಂತಿರುಗುವಾಗ ಮತ್ತೆ ಅದೇ ಇಳಿಜಾರು, ಅದೇ ಟೈರು. ಇಲ್ಲಿಯ ಟೈರಿನಂಗಡಿ ತೆರೆಯುವುದು ಸೋಮವಾರವೇ. ಕಾಯೋಣ, ನನ್ನ ಪಾಲು ಕೊಡುತ್ತೇನೆ ಎಂದು ಬೇಡಿಕೊಂಡೆ. "ಸೋಮವಾರ ನಾನಿಲ್ದಿದ್ರೆ ಕೆಲ್ಸಾನೇ ಹೋಗುತ್ತೆ ಕಣೇ," ಎಂದು ತೂರೆ ಮಲಗಲು ಹೋದ.

ಕಾರಿನ ಕೀಲಿ ನನ್ನ ದಿಂಬಿನ ಕೆಳಗಿದೆ. ಅವನಿಗೆ ಗೊತ್ತಿಲ್ಲ. ಅವನ ಕೆಲಸ ಹೋದರೆ ಆ ನಷ್ಟವನ್ನು ಮೂರು ಪಾಲು ಮಾಡುವುದು ಹೇಗೆಂದು ಯಾವ ಕರಪತ್ರದಲ್ಲೂ ಇಲ್ಲ. ಆದರೂ ಕೀಲಿ ಕೊಡಲಾರೆ. ಪಕ್ಕದ ಕೋಣೆಯಲ್ಲಿ ಅವನು ಮಗ್ಗಲು ಬದಲಿಸಿದರೂ ನಾನು ದಿಂಬನ್ನು ಇನ್ನಷ್ಟು ಒತ್ತಿ ಹಿಡಿಯುತ್ತೇನೆ.