ಬಲಗಡೆಯ ಬಿಸಿ

ಶಿವಾಜಿನಗರ,
ವಾರ್ಡಿನ ಕಿಟಕಿ ಪಕ್ಕದ ಹಾಸಿಗೆ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ಶ್ರೀಹರಿ ಅಣ್ಣನಿಗೆ,

ನಿನ್ನ ಮೆಸೇಜುಗಳಿಗೆಲ್ಲ ಬರೀ ಹಾರ್ಟ್ ಒತ್ತಿ ಸುಮ್ಮನಾಗಿದ್ದೆ, ಬೈಯಬೇಡ. ಇದನ್ನು ಮೊಬೈಲಿನಲ್ಲಿ ಬರೆದರೆ ಅರ್ಧಕ್ಕೇ ನೀನು ಫೋನ್ ಮಾಡುತ್ತೀಯ, ನಾನು ಅಳುತ್ತೇನೆ. ನಿನಗೋ ನೆಗಡಿ, ನೆಗಡಿ ಇರುವವರನ್ನು ಸಿಸ್ಟರ್ ಒಳಗೆ ಬಿಡುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಮ್ಮ ಸಂಜೆ ಮಹದೇವಪುರದ ನಿನ್ನ ಮನೆಗೆ ಬಂದಾಗ ಕೊಡುತ್ತಾಳೆ. ಅಕ್ಷರ ಅಂಕುಡೊಂಕಾಗಿದ್ದರೆ ಅದು ಮಾತ್ರೆ ತಂದ ನಡುಕ.

ಮೊದಲು ಸುದ್ದಿ. ನೀನು ಕೊಟ್ಟ ಕಿಡ್ನಿ ಊದಿಕೊಂಡಿದೆ. ಸೂಜಿ ಹಾಕಿ ಅದರ ಒಂದು ಚೂರು ತೆಗೆದು ನೋಡಿದರು. ಉರಿಯೂತವಂತೆ. ನನ್ನ ಮೈ ಅದನ್ನು ಬೇಡ ಅನ್ನುತ್ತಿದೆ. ಸ್ಟೆರಾಯ್ಡ್ ಡ್ರಿಪ್ ಶುರುವಾಗಿದೆ. ಅದಕ್ಕೆ ಬಗ್ಗಿದರೆ ಸರಿ, ಇಲ್ಲದಿದ್ದರೆ ಕಿಡ್ನಿ ಹೋಗುತ್ತದೆ, ಮತ್ತೆ ಡಯಾಲಿಸಿಸ್.

ನಾನು ಬಿಳಿ ರಕ್ತಕಣಗಳ ಎಂಥಾ ಫ್ಯಾನ್ ಅಂತ ನಿನಗೆ ಗೊತ್ತಲ್ಲ. ಬೇರೆ ಹುಡುಗಿಯರ ಡಿಪಿಯಲ್ಲಿ ಹೀರೋ, ನನ್ನ ಡಿಪಿಯಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ. ನಮ್ಮ ಗ್ರೂಪಿನಲ್ಲಿ ಎಷ್ಟು ಸಲ ವಾಯ್ಸ್ ನೋಟ್ ಹಾಕಿದ್ದೀನಿ: ಮುಳ್ಳು ಚುಚ್ಚಿದ ಕೂಡಲೇ ಅಲ್ಲಿನ ಜೀವಕೋಶಗಳು ರಾಸಾಯನಿಕ ಬಿಟ್ಟು ಕೂಗುತ್ತವೆ. ರಕ್ತನಾಳ ಅಗಲವಾಗುತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಸೋರುತ್ತದೆ, ಅದೇ ಊತ. ನರ ಕೆರಳಿ ನೋವು. ಬಿಳಿ ಕಣಗಳು ಗೋಡೆಗೆ ಅಂಟಿಕೊಂಡು ಮೆಲ್ಲಗೆ ಉರುಳುತ್ತಾ ಬಂದು, ಸಂದಿ ಸಿಕ್ಕಲ್ಲಿ ಮೈ ಹಿಂಡಿಕೊಂಡು ಆಚೆ ನುಸುಳುತ್ತವೆ. ವಾಸನೆ ಹಿಡಿದು ಹೋಗುವ ನಾಯಿಯ ಹಾಗೆ. ಕೇಳಿ ನೀನೇ "ಸೂಪರ್ ಮಗಾ!" ಅಂದಿದ್ದೆ.

ಈ ಸಲ ಮುಳ್ಳಿಲ್ಲ ಅಣ್ಣ. ನೀನಿದ್ದೀಯ.

ಜೀವಕೋಶಗಳ ಮೇಲೆ ಇದು ಯಾರ ಮೈಯದು ಎಂಬ ಗುರುತು ಇರುತ್ತದೆ. ನಿನ್ನದೂ ನನ್ನದೂ ಅರ್ಧ ಒಂದೇ. ಹೊಂದದ ಇನ್ನರ್ಧವನ್ನು ನನ್ನ ಬಿಳಿ ಕಣಗಳು ಹುಡುಕಿಕೊಂಡು ಬಂದಿವೆ. ನಾನು ಮೊಸರನ್ನ ತಿನ್ನುವಾಗಲೂ, ಅಮ್ಮನ ಜೊತೆ ನಗುವಾಗಲೂ.

ಪಕ್ಕದ ಹಾಸಿಗೆಯ ಮಜೀದಾ ಆಂಟಿ ಪುಲಿಕೇಶಿನಗರದವರು, ಗಂಡನ ಕಿಡ್ನಿ ಹಾಕಿಸಿಕೊಂಡವರು. "ಅವರದು ಕಿಡ್ನಿ ನನ್ನ ಮಾತು ಕೇಳ್ತದೆ ಬೇಟಾ, ಅವರು ಮಾತ್ರ ಕೇಳಲ್ಲ" ಎಂದು ದಿನವೂ ನಗಿಸುತ್ತಾರೆ. ನಿನ್ನೆ ನಾನು ನರಳಿದ್ದು ಕೇಳಿ ಎದ್ದುಬಂದು, ನನ್ನ ಹೊಟ್ಟೆಯ ಬಲಗಡೆ, ನಿನ್ನ ಕಿಡ್ನಿ ಕೂರಿಸಿದ ಜಾಗದಲ್ಲಿ, ಕೈಯಿಟ್ಟರು. "ಅರೆ, ಕೈಕಾಲೆಲ್ಲ ತಣ್ಣಗೆ ಇದೆ, ಇಲ್ಲಿ ಮಾತ್ರ ಸುಡ್ತಾ ಇದೆಯಲ್ಲ. ನಿಂಗಲ್ಲ, ಒಳಗೆ ಬೇರೆ ಯಾರಿಗೋ ಜ್ವರ ಬಂದಂಗಿದೆ." ಹಾಗಂದವರು ತಟ್ಟನೆ ಕೈ ತೆಗೆದುಬಿಟ್ಟರು. ಆಮೇಲೆ ನಗಲಿಲ್ಲ.

ಅಮ್ಮ ಡಾಕ್ಟರನ್ನು ಕೇಳಿದಳು, "ಇವಳ ಮೈ ತಾನೇ ಡಾಕ್ಟ್ರೇ, ಇವಳು ಬೇಡ ಅಂದ್ರೆ ನಿಲ್ಸಲ್ವಾ?"

"ಬಿಳಿ ಕಣಗಳು ಇವಳನ್ನ ಕೇಳಿ ಕೆಲಸ ಮಾಡಲ್ಲಮ್ಮ."

ಅವರು ಹೋದ ಮೇಲೆ ನಾನೇ ಪಿಸುಗುಟ್ಟಿದೆ: "ಇವನು ನಮ್ಮಣ್ಣ ಕಣ್ರೋ." ನಗಬೇಡ. ಒಳಗೆ ಮಿಡಿತ ಒಂದು ಕ್ಷಣ ನಿಂತ ಹಾಗಾಯಿತು, ಯಾರೋ ಕಿವಿಗೊಟ್ಟ ಹಾಗೆ. ಮತ್ತೆ ಶುರುವಾಯಿತು.

ನೀನು ಆವಿ ತೆಗೆದುಕೋ, ನೆಗಡಿ ಬೇಗ ವಾಸಿಯಾಗಲಿ. ಉಳಿದಿರುವ ಒಂದು ಕಿಡ್ನಿಯನ್ನು ಜೋಪಾನವಾಗಿ ನೋಡಿಕೋ, ನೀರು ಕುಡಿ. ಅಮ್ಮ ನಿನಗೂ ಸೇರಿಸಿ ದೀಪ ಹಚ್ಚುತ್ತಿದ್ದಾಳೆ. ಅವಳ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿನ್ನ,
ಆಶ್ರಿತಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಇವತ್ತೂ ನಿನ್ನ ಬಾಟಲಿ ಬಂತು. ನಿನ್ನ ಬಾಲ್ಕನಿಯ ಅಮೃತಬಳ್ಳಿಯ ಕಷಾಯ. "ಈ ಸಲ ಇನ್ನೂ ಗಟ್ಟಿಯಾಗಿ ಕುದಿಸಿದೀನಿ, ಇಮ್ಯೂನಿಟಿ ಬರ್ಲಿ" ಎಂದು ಚೀಟಿ ಅಂಟಿಸಿದ್ದೀಯ. ಆಪರೇಷನ್ ಆದಾಗಿನಿಂದ ದಿನಾ ಬೆಳಗ್ಗೆ ಕುಡಿದಿದ್ದೇನೆ. ಡಾಕ್ಟರು ಮೂಸಿ ನೋಡಿ ಅಂದರು, "ಇದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ. ಆದ್ರೆ ಆ ಬಿಳಿ ಕಣಗಳನ್ನ ಮಲಗಿಸೋಕೆ ಅಂತ ನಾವು ಮಾತ್ರೆ ಕೊಡ್ತಿದ್ದೀವಿ, ನೀವು ಎಬ್ಬಿಸೋಕೆ ಇದನ್ನ ಕುಡೀತಿದ್ದೀರ." ಅಮ್ಮ ಆಗ ಔಷಧಿ ತರಲು ಹೋಗಿದ್ದಳು. ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಇನ್ನು ಕಳಿಸಬೇಡ ಅಣ್ಣ. ಇಷ್ಟೆಲ್ಲ ಓದಿದ ನನಗೂ ಹೊಳೆಯಲಿಲ್ಲ. ಅದನ್ನು ಔಷಧಿ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ನೀನು ಕಳಿಸಿದ್ದು ಅಂತ ಕುಡಿದೆ.

ಇವತ್ತಿನದನ್ನು ಸಿಂಕಿಗೆ ಸುರಿದೆ. ಬಾಟಲಿ ತೊಳೆಯುವಾಗ ಬಲಗಡೆ ಚುಳುಕ್ಕೆಂದಿತು. ಕೈಯಿಟ್ಟುಕೊಂಡು ನಿಂತೆ. ಒಳಗಿಂದ ಮಿಸುಕಿದ್ದು ನೀನೋ, ಅವೋ, ತಿಳಿಯಲಿಲ್ಲ.