ಹೊದಿಕೆಯ ಅಂಚು

ಸೋಮವಾರ, ಜುಲೈ 14

ಪ್ರೀತಿಯ ಅಕ್ಕಾ,

ನಮಸ್ಕಾರ. ನಾಲ್ಕು ವರ್ಷದಿಂದ ನನ್ನ ಹುಟ್ಟುಹಬ್ಬಕ್ಕೆ ತಪ್ಪದೆ ಕಾಗದ ಬರೆದಿದ್ದೀಯ. ಇದು ಎಲ್ಲಕ್ಕೂ ಸೇರಿ ಉತ್ತರ. ಕೆಲಸ ಜಾಸ್ತಿಯಿತ್ತು ಎಂದರೆ ನೀನು ನಂಬುವುದಿಲ್ಲ, ಅದಕ್ಕೇ ಹಾಗೆ ಬರೆಯುವುದಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮಾರನೆಯ ಬೆಳಗಿನವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಿರುತ್ತದೆ.

ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ಏಳನೇ ತರಗತಿಗೆ ಪರದೆಯ ಮೇಲೆ ಒಂದು ಚಿತ್ರ ತೋರಿಸುತ್ತೇನೆ. ಕಂಡದ್ದನ್ನು ಮಕ್ಕಳು ಹೇಳಬೇಕು. ನಾನು ‘ಏನು ನೋಡಿ ಹಾಗಂದೆ?’ ಎಂದಷ್ಟೇ ಕೇಳಬೇಕು. ಉತ್ತರ ಹೇಳುವಂತಿಲ್ಲ. ಇವತ್ತು ಬಂದರಿನ ಚಿತ್ರ ತೆರೆಯಲು ಹೋಗಿ ನಮ್ಮಿಬ್ಬರ ಫೋಟೋ ತೆರೆದುಬಿಟ್ಟೆ. ಆ ಕೊನೆಯ ಭಾನುವಾರ ಅಮ್ಮ ಹಟ ಹಿಡಿದು ನನ್ನ ಫೋನಿನಲ್ಲಿ ತೆಗೆದಳಲ್ಲ, ಅದು. ಮುಚ್ಚುವಷ್ಟರಲ್ಲಿ ಮಾತು ಶುರುವಾಗಿತ್ತು.

“ಟೀಚರ್, ಇದು ನೀವೇ! ಆಗ ತೆಳ್ಳಗಿದ್ರಿ!” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

“ಬಸ್ಸಿಗೆ ಹೊತ್ತಾಗಿದೆ ನಿಮಗೆ,” ಎಂದ ಇನ್ನೊಬ್ಬ.

“ಏನು ನೋಡಿ ಹಾಗಂದೆ?”

“ಬ್ಯಾಗ್ ಹೆಗಲ ಮೇಲಿದೆ. ವಾಚ್ ನೋಡ್ಕೊಳ್ತಿದೀರಿ.”

ಕಿಟಕಿಯ ಪಕ್ಕ ಕೂರುವ ಹುಡುಗಿ ಬಾಯಿ ಬಿಡುವುದೇ ಅಪರೂಪ. “ಫೋಟೋ ತೆಗೆದವರು ಮಲಗಿದಾರೆ,” ಎಂದಳು.

“ಏನು ನೋಡಿ?”

“ಕೆಳಗಡೆ ಹೊದಿಕೆ ಅಂಚು ಕಾಣ್ತಿದೆ. ಎದ್ದು ಕೂರೋಕೂ ಆಗ್ತಿಲ್ಲ ಅವರಿಗೆ.”

ನಾಲ್ಕು ವರ್ಷ ನೋಡಿದ ಫೋಟೋ, ಅಕ್ಕಾ. ಆ ಅಂಚು ನನಗೆ ಕಂಡಿರಲಿಲ್ಲ. ಮುಂದಿನ ಪ್ರಶ್ನೆ ಬಾಯಿಗೆ ಬರುವ ಮೊದಲೇ ಗಂಟೆ ಹೊಡೆಯಿತು.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಭಾವನಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ. ನನಗೆ ನಿನ್ನದು ಬೇಕು.

ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ
ಬಾಲ

ತಾ.ಕ.: ಅಮ್ಮನಿಗೆ ಕಾಯಿಲೆ ಅಷ್ಟು ಜೋರಾಗಿದೆಯೆಂದು ನೀನು ಹೇಳಲೇ ಇಲ್ಲ, ಹೇಳಿದ್ದರೆ ಅವತ್ತು ಉಳಿಯುತ್ತಿದ್ದೆ ಎಂದು, ಅಮ್ಮ ಹೋದ ಮೇಲೆ ಎಲ್ಲವನ್ನೂ ನಿನ್ನ ಮೇಲೆ ಹೊರಿಸಿ ಮಾತು ಬಿಟ್ಟೆ. ಇವತ್ತು ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದಳು. “ಆ ಇನ್ನೊಬ್ರು ನಿಮ್ಮ ಬ್ಯಾಗಿನ ಪಟ್ಟಿ ಹಿಡ್ಕೊಂಡಿದಾರಲ್ಲ ಟೀಚರ್, ಆಮೇಲೆ ನೀವು ಉಳ್ಕೊಂಡ್ರಾ?” ಉತ್ತರ ಹೇಳುವಂತಿಲ್ಲ ಎಂದು ಕಳಿಸಿದೆ.

ನೀನು ಹಿಡಿದೇ ಇದ್ದೆ, ಅಕ್ಕಾ. ನಾನೇ ಬಿಡಿಸಿಕೊಂಡು ಹೋದೆ.