ಸಂತನ ಕಾಲಬುಡದ ಬಂಡೆ

ದಿಜೋನ್, ಆಗಸ್ಟ್ ೧೭

ಪೂಜ್ಯ ಪಾದ್ರಿ ಮೊರೆಲ್ ಅವರಿಗೆ,

ನಿಮ್ಮ ಚರ್ಚಿನಿಂದ ನಾನು ಕೊಂಡ ಚಿತ್ರದಲ್ಲಿರುವ ಯಾತ್ರಿಕ ಸಂತ ರೋಕ್ ಅಲ್ಲ, ಸಂತ ಜಾಕ್ ಎಂದು ಎರಡು ಪುಟ ಬರೆದು ನಿಮ್ಮನ್ನು ತಿದ್ದಿದ್ದೆ. ನಿನ್ನೆ ರೋಕನ ಹಬ್ಬವೆಂದು ನಿಮ್ಮೂರಿನ ಓಡಿಲ್ ಅಜ್ಜಿ ನನ್ನ ಮನೆಗೇ ಬಂದರು. ನಾನು ಕಾಫಿ ತರುವಷ್ಟರಲ್ಲಿ ಅರ್ಧ ಈರುಳ್ಳಿ ಹಿಡಿದು ಚಿತ್ರವನ್ನು ಉಜ್ಜುತ್ತಿದ್ದರು.

“ಬಿಡಿ ಅಜ್ಜಿ, ಮುನ್ನೂರು ವರ್ಷದ್ದು ಅದು,” ಎಂದೆ.

“ಸುಮ್ನಿರಪ್ಪ, ನಮ್ಮಮ್ಮ ಪ್ರತಿ ಹಬ್ಬಕ್ಕೂ ಹೀಗೇ ಒರೆಸ್ತಿದ್ಲು. ಪಾದ್ರಿಗಳು ಓದಿ ಹೇಳಿದ್ರು, ಸಂತನ ಕಾಲಬುಡದಲ್ಲಿರೋದನ್ನ ನೀನು ಬಂಡೆ ಅಂದ್ಯಂತೆ. ನೋಡು, ಬಾಲ ಇದೆ ಅದಕ್ಕೆ.”

ನಾನು ಬಂಡೆಯೆಂದು ವರ್ಣಿಸಿದ್ದ ಕಪ್ಪು ಮುದ್ದೆ, ರೋಕನಿಗೆ ರೊಟ್ಟಿ ತಂದುಕೊಟ್ಟ ನಾಯಿ. ರೊಟ್ಟಿ ಇನ್ನೂ ಬಾಯಲ್ಲೇ ಇದೆ.

ದಯವಿಟ್ಟು ಆ ಎರಡು ಪುಟಗಳನ್ನು ಸುಟ್ಟುಬಿಡಿ. ನನ್ನ ಉಳಿದ ಹದಿನೇಳು ಸಂತರನ್ನೂ ಒರೆಸಲು ಅಜ್ಜಿ ಮುಂದಿನ ವಾರ ಬರುತ್ತಾರಂತೆ. ಹೇಗಾದರೂ ತಡೆಯಿರಿ. ಆ ಸಂತರ ಬಗ್ಗೆ ನಾನು ಬರೆದ ಪುಸ್ತಕ ಆಗಲೇ ಅಚ್ಚಾಗುತ್ತಿದೆ.

ನಿಮ್ಮ ವಿಧೇಯ,
ಗಾಸ್ಪಾರ್ ವೆರ್ದಿಯೆ